ವರ್ವಾರಾಳ ಹೆಸರಿನ ದಿನ

ಕೊಮೊಟಿನಿಯ ಬಸ್ ನಿಲ್ದಾಣದಲ್ಲಿ ಪಾರ್ಸೆಲ್ ಕಿಟಕಿಯ ಹಿಂದೆ ಕೂರುವ ಲಾಜರೋಸ್‌ಗೆ ಊರಿನ ವಿದ್ಯಾರ್ಥಿಗಳ ಮುಖಕ್ಕಿಂತ ಅವರ ತಾಯಂದಿರ ಕೈಯೇ ಚೆನ್ನಾಗಿ ಗೊತ್ತು. ಯಾವ ಪೆಟ್ಟಿಗೆಯಿಂದ ಬೆಳ್ಳುಳ್ಳಿ ವಾಸನೆ ಬರುತ್ತದೆ, ಯಾವುದರಿಂದ ಎಣ್ಣೆ ಜಿನುಗುತ್ತದೆ, ಯಾವ ತಾಯಿ ಗಂಟಿನ ಮೇಲೆ ಗಂಟು ಹಾಕಿ ಮಕ್ಕಳ ಉಗುರು ಕೀಳಿಸುತ್ತಾಳೆ, ಎಲ್ಲವೂ ಅವನಿಗೆ ಬಾಯಿಪಾಠ. ದೂರದ ಐತೊಲಿಕೊದಿಂದ ಎರಡು ಬಸ್ಸು ಬದಲಾಯಿಸಿ ಬರುವ ಥರ್ಮಾಕೋಲ್ ಪೆಟ್ಟಿಗೆಯನ್ನಂತೂ ಅವನು ಎತ್ತಿಕೊಟ್ಟು, ಆಮೇಲೆ ಸೊಂಟ ಹಿಡಿದುಕೊಂಡು ನಿಲ್ಲುತ್ತಿದ್ದ.

“ಏನ್ ತಾಯಿ, ಕಾನೂನು ಓದೋಕೆ ಬಂದಿದೀಯೋ, ಛತ್ರ ನಡೆಸೋಕೆ ಬಂದಿದೀಯೋ?”

“ಫ್ರೆಂಡ್ಸ್ ಇದಾರಣ್ಣ. ಎಲ್ಲರೂ ಸೇರಿ ತಿಂತೀವಿ,” ಎಂದಳು ವರ್ವಾರಾ.

“ತಿನ್ನೋಕೆ ಬರೋರು ಹೊರೋಕೂ ಬರಬಾರ್ದಾ? ಮುಂದಿನ್ಸಲ ಒಬ್ಬನ್ನಾದ್ರೂ ಎಳ್ಕೊಂಡ್ ಬಾ.”

ಅವಳು ನಕ್ಕು, ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಹೊರಟಳು. ಎಳೆದುಕೊಂಡು ಬರಲು ಯಾರೂ ಇರಲಿಲ್ಲ. ಅಕ್ಟೋಬರಿನಲ್ಲಿ ಈ ಊರಿಗೆ ಕಾಲಿಟ್ಟಾಗಿನಿಂದ ಹೀಗೆ ತಮಾಷೆಯಾಗಿ ಅವಳ ಜೊತೆ ಮಾತಾಡುವವನು ಲಾಜರೋಸ್ ಒಬ್ಬನೇ. ಅದೂ ಪೆಟ್ಟಿಗೆ ಬಂದ ದಿನ ಮಾತ್ರ.

ಹಾಗಾದರೆ ಆ ಸ್ನೇಹಿತರು ಎಲ್ಲಿಂದ ಬಂದರು ಅಂದರೆ, ಅವರು ಹುಟ್ಟಿದ್ದು ಫೋನಿನಲ್ಲಿ. ಮೊದಲ ವಾರ ತಾಯಿ ಅರೆತಿ ಕೇಳಿದ ಮೊದಲ ಪ್ರಶ್ನೆ ಪಾಠ ಹೇಗಿದೆ ಎಂದಲ್ಲ, “ಯಾರ ಜೊತೆ ಊಟ ಮಾಡ್ದೆ?” ಎಂದು. ಅವರ ಕಡೆ ಒಬ್ಬರೇ ಕೂತು ಉಣ್ಣುವುದೆಂದರೆ ಜ್ವರ ಬಂದಷ್ಟೇ ಗಾಬರಿಯ ವಿಷಯ. ವರ್ವಾರಾ ಆಗ ಬೀದಿಯಲ್ಲಿ ನಿಂತಿದ್ದಳು, ಎದುರಿಗೆ ‘ಕ್ಲಿಯೋ’ ಎಂಬ ಕ್ಷೌರದಂಗಡಿಯ ಹಲಗೆ ಕಾಣುತ್ತಿತ್ತು. “ಕ್ಲಿಯೋ ಜೊತೆ,” ಎಂದುಬಿಟ್ಟಳು. ಅಷ್ಟೇ ಆದದ್ದು. ಆದರೆ ಒಂದು ಹೆಸರು ಸಿಕ್ಕರೆ ಬಿಡುವ ತಾಯಿಯೇ ಅರೆತಿ? ಯಾರ ಮಗಳು, ಯಾವೂರು, ಉಪವಾಸ ಹಿಡಿಯುತ್ತಾಳೋ ಇಲ್ಲವೋ. ಹೀಗೆ ಕ್ಲಿಯೋಗೆ ಕವಾಲಾ ಎಂಬ ಊರು ಬಂತು, ಬಂದರಿನಲ್ಲಿ ದುಡಿಯುವ ತಂದೆ ಬಂದ. ವರ್ವಾರಾಳಿಗೆ ಒಂದು ತುತ್ತೂ ಇಳಿಯದಿದ್ದ ವಾರ ಕ್ಲಿಯೋಗೆ ಹೊಟ್ಟೆಯ ಕಾಯಿಲೆಯೂ ಬಂತು. ಇಷ್ಟು ಊಟ ಇಬ್ಬರು ಹುಡುಗಿಯರಿಗೆ ಹೇಗೆ ಮುಗಿಯಿತು ಎಂದು ತಾಯಿ ಕೇಳಿದಾಗ ಓರ್ಫೆಯಾಸ್ ಎಂಬ ದಾಂಡಿಗ ಹುಟ್ಟಿದ.

“ಕ್ಲಿಯೋ ಹೊಟ್ಟೆ ಹೇಗಿದೆ ಈಗ?” ಆ ಸಂಜೆಯೂ ತಾಯಿ ಕೇಳಿದಳು.

“ಪರವಾಗಿಲ್ಲಮ್ಮ.”

“ಕರಿದಿದ್ದು ಕೊಡ್ಬೇಡ ಅವಳಿಗೆ. ನೀಲಿ ಮುಚ್ಚಳದ ಡಬ್ಬಿ ಅವಳದ್ದು, ಬರೀ ಬೇಯಿಸಿದ್ದು. ಓರ್ಫೆಯಾಸ್ ಕೈಗೆ ಸಿಗದ ಹಾಗೆ ಎತ್ತಿಡು. ಆ ಹುಡುಗನದು ಹೊಟ್ಟೆಯಲ್ಲ, ಹಗೇವು.”

“ಸರಿಯಮ್ಮ.”

“ಪಾಪ, ಆ ಹುಡುಗಿಗೆ ಅಂತ ಭಾನುವಾರ ಒಂದು ಮೇಣದಬತ್ತಿ ಹಚ್ಚಿದೆ. ಹೇಳ್ಬೇಡ ಅವಳಿಗೆ, ಸಂಕೋಚ ಪಟ್ಕೊಂಡಾಳು.”

ಫೋನಿಟ್ಟ ಮೇಲೆ ವರ್ವಾರಾ ನೀಲಿ ಮುಚ್ಚಳ ತೆಗೆದು ಬೇಯಿಸಿದ ಮೀನನ್ನು ಒಬ್ಬಳೇ ತಿಂದಳು. ಕರಿದ ಹಾವುಮೀನನ್ನು ಹಿತ್ತಲ ಗೋಡೆಯ ಮೇಲಿಟ್ಟು ಬಂದಳು. ಆ ಬೀದಿಯ ಬೆಕ್ಕುಗಳು ಆ ವರ್ಷ ಕರಡಿಯ ಹಾಗೆ ಕೊಬ್ಬಿದ್ದವು.

ಕಾನೂನಿಗೆ ಅವಳು ಬಂದದ್ದಾದರೂ ಹೇಗೆ? ಪರೀಕ್ಷೆಯಲ್ಲಿ ಅಂಕ ಹೆಚ್ಚು ಬಂದುಬಿಟ್ಟಿತು, ಅದೇ ತಪ್ಪಾದದ್ದು. ಅವಳ ಆಸೆ ಇದ್ದದ್ದು ಮನೆಯ ಹತ್ತಿರದ ಮೆಸೊಲೊಂಗಿಯಲ್ಲಿ ಮೀನುಗಾರಿಕೆ ಕಲಿಯುವುದರಲ್ಲಿ. ತಂದೆ ಸ್ತಾಥಿಸ್ ಹಿನ್ನೀರಿನಲ್ಲಿ ಬೆತ್ತದ ಬೇಲಿ ಕಟ್ಟಿ ಮೀನು ಹಿಡಿಯುವವನು. ಅವನ ಚಪ್ಪಟೆ ದೋಣಿಯಲ್ಲಿ ಕೂತು, ಈ ವರ್ಷ ಹಾವುಮೀನು ಯಾಕೆ ಕಡಿಮೆ, ಉಪ್ಪು ಹೆಚ್ಚಾಯಿತೋ ನೀರು ಬಿಸಿಯಾಯಿತೋ ಎಂದು ತಲೆ ಕೆಡಿಸಿಕೊಂಡು ಬೆಳೆದವಳು ಅವಳು. ಆದರೆ ಆ ಓದಿಗೆ ಬೇಕಿದ್ದದ್ದು ಅವಳಿಗೆ ಬಂದದ್ದರ ಅರ್ಧದಷ್ಟು ಅಂಕ. “ಇಷ್ಟು ಅಂಕಾನ ದಂಡ ಮಾಡ್ತೀಯೇನೇ?” ಎಂದರು ಟ್ಯೂಷನ್ ಮೇಷ್ಟ್ರು. “ಹಾವುಮೀನು ಹಿಡಿಯೋಕೂ ಡಿಗ್ರಿ ಬೇಕಾ?” ಎಂದಿತು ಕಾಫಿ ಅಂಗಡಿ. ಮದುವೆಗೆ ಹೊಲಿಸಿದ ಕೋಟನ್ನು ಗದ್ದೆಗೆ ಹಾಕಿಕೊಂಡು ಹೋಗಬಾರದಲ್ಲ, ಹಾಗೆ. ಅಂಕಕ್ಕೆ ತಕ್ಕ ಓದು ಬೇಕು ಎಂದು ಎಲ್ಲರೂ ಹೇಳಿದರು, ಅವಳೂ ಅರ್ಜಿಯ ಆಯ್ಕೆಗಳಲ್ಲಿ ಕಾನೂನು ಎಂದೇ ಮೊದಲು ಬರೆದಳು. ಸಿಕ್ಕಿತು. ಅಂದಿನಿಂದ ಕಾಫಿ ಅಂಗಡಿಯಲ್ಲಿ ಸ್ತಾಥಿಸ್‌ನನ್ನು “ಲಾಯರ ಅಪ್ಪ” ಎಂದೇ ಕರೆಯುತ್ತಾರೆ. ಬೇಡ ಬೇಡ ಎನ್ನುತ್ತಲೇ ಅವನು ಮೀಸೆಯಲ್ಲಿ ನಗುತ್ತಾನೆ.

ಇಲ್ಲಿ ಕೊಮೊಟಿನಿಯಲ್ಲಿ ಮೊದಲ ವಾರ ರಾಜಕೀಯ ಪಕ್ಷಗಳ ವಿದ್ಯಾರ್ಥಿ ಸಂಘದವರು ಕಾಲೇಜಿನ ಬಾಗಿಲಲ್ಲೇ ಮೇಜು ಹಾಕಿಕೊಂಡು ಹೊಸಬರನ್ನು ಬಾಯ್ತುಂಬ ಮಾತಾಡಿಸಿದರು. ಹೆಸರು ಕೇಳಿದರು, ನೋಟ್ಸ್ ಕೊಟ್ಟರು, ಮುಂದಿನ ವಾರ ಹೆಸರು ಮರೆತರು. ಆಮೇಲೆ ಇದ್ದದ್ದು ಆ ದೊಡ್ಡ ಸಭಾಂಗಣ ಮಾತ್ರ. ಹಾಜರಿ ಕೂಗುವವರಿಲ್ಲ, ಹೆಸರು ಹಿಡಿದು ಕರೆಯುವವರಿಲ್ಲ. ಒಬ್ಬೊಬ್ಬರ ಪಕ್ಕದ ಕುರ್ಚಿಯ ಮೇಲೂ ಯಾರದೋ ಕೋಟು ಕೂತಿರುತ್ತದೆ. ಕೇಳಿದರೆ “ಜನ ಇದಾರೆ” ಎನ್ನುತ್ತಾರೆ. ದಿನಗಟ್ಟಲೆ ಯಾರೊಂದಿಗೂ ಮಾತಾಡದೆ, ಸಂಜೆ ತಾಯಿಗೆ “ಹಲೋ” ಎನ್ನುವಾಗ ಗಂಟಲು ಕಟ್ಟಿರುತ್ತಿತ್ತು.

“ಯಾಕೆ, ಶೀತ ಆಗಿದೆಯಾ?”

“ಇಲ್ಲಮ್ಮ, ತುಂಬ ಮಾತಾಡಿ ಮಾತಾಡಿ.”

ಬಿಟ್ಟು ಹೋಗಲೇ, ಇರಲೇ ಎಂದು ನವೆಂಬರ್ ಪೂರ್ತಿ ತೂಗಿದಳು. ಬಿಟ್ಟರೆ ಅಪ್ಪನ ಮೀಸೆಯ ನಗು ಹೋಗುತ್ತದೆ. ಇದ್ದರೆ ತಾನು ಹೋಗುತ್ತೇನೆ ಎನ್ನಿಸುತ್ತಿತ್ತು. ಕೊನೆಗೆ ತನ್ನೊಳಗೇ ಒಂದು ಪಣ ಕಟ್ಟಿಕೊಂಡಳು. ಡಿಸೆಂಬರ್ ನಾಲ್ಕು ಸಂತ ವರ್ವಾರಾಳ ದಿನ, ಅಂದರೆ ಇವಳ ಹೆಸರಿನ ದಿನ. ಹುಟ್ಟುಹಬ್ಬಕ್ಕಾದರೆ ಕರೆಯಬೇಕು. ಹೆಸರಿನ ದಿನಕ್ಕೆ ಯಾರನ್ನೂ ಕರೆಯುವ ಹಾಗಿಲ್ಲ. ಬಾಗಿಲು ತೆರೆದು, ತಟ್ಟೆ ಜೋಡಿಸಿ ಕೂರಬೇಕು, ನೆನಪಿದ್ದವರು ಬರುತ್ತಾರೆ. ಅಂದು ಒಬ್ಬರಾದರೂ ಬಂದರೆ ಇರುತ್ತೇನೆ. ಯಾರೂ ಬರದಿದ್ದರೆ ಕ್ರಿಸ್‌ಮಸ್‌ಗೆ ಹೋದವಳು ವಾಪಸ್ ಬರುವುದಿಲ್ಲ. ಯಾರಿಗೆ ನೆನಪಿರಬೇಕು ಎಂಬುದನ್ನು ಮಾತ್ರ ಅವಳು ಯೋಚಿಸಲಿಲ್ಲ.

ತಾಯಿ ಅಂದಿಗೆಂದು ಕಳಿಸಿದ್ದು ಎರಡು ಪೆಟ್ಟಿಗೆ. ಕ್ರಿಸ್‌ಮಸ್‌ಗೆ ಮುಂಚಿನ ಉಪವಾಸ ಹಿಡಿದು ಹಾಲು, ಮಾಂಸ ಬಿಟ್ಟವರಿಗೆ ಗಿಣ್ಣಿಲ್ಲದ, ಸೊಪ್ಪು ತುಂಬಿ ಸುಟ್ಟ ಪಿತಾ, ಹಿಡಿಯದವರಿಗೆ ಗಿಣ್ಣಿನದು, ಜೇನಲ್ಲಿ ಅದ್ದಿದ ಬಿಸ್ಕತ್ತು, ಅನ್ನ ತುಂಬಿ ಸುತ್ತಿದ ಕೋಸಿನೆಲೆ. ವರ್ವಾರಾ ಕೆಳಗಿನ ಮನೆಯಲ್ಲೇ ಇರುವ ಮನೆಯೊಡತಿ ದೊಮ್ನಾಜ್ಜಿಯಿಂದ ಕುರ್ಚಿಗಳನ್ನು ಕೇಳಿ ತಂದಿದ್ದಳು. ಯಾಕೆಂದು ಅಜ್ಜಿ ಕೇಳಲಿಲ್ಲ, ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಕುರ್ಚಿಗಳನ್ನು ಗೋಡೆಯುದ್ದಕ್ಕೂ ಇಟ್ಟು, ಒಳ್ಳೆಯ ಅಂಗಿ ತೊಟ್ಟು, ಬಾಗಿಲು ತೆರೆದು ಕೂತಳು. ಹೊರಗೆ ಆ ಥ್ರೇಸ್ ಸೀಮೆಯ ಚಳಿಗಾಳಿ ಬೀಸುತ್ತಿತ್ತು, ಅದು ಬಾಗಿಲು ತೆರೆದಿದ್ದರೆ ಸಾಕು ಕರೆಯದೇ ಬರುವ ನೆಂಟ. ಮೆಟ್ಟಿಲ ಮೇಲೆ ಸದ್ದಾದಾಗಲೆಲ್ಲ ಅವಳು ಎದ್ದು ನಿಂತಳು. ಒಮ್ಮೆ ಮೀಟರ್ ನೋಡುವವನು, ಒಮ್ಮೆ ಬೆಕ್ಕು. ಮಧ್ಯಾಹ್ನ ಜಾರಿತು. ಫೋನು ಬಂತು.

“ನೂರ್ಕಾಲ ಬಾಳು ಮಗಳೇ! ಮನೆ ತುಂಬಿದೆಯಾ?”

“ತುಂಬಿದೆ ಅಮ್ಮ.”

“ಏನು, ಸದ್ದೇ ಇಲ್ಲ?”

“ಎಲ್ಲರ ಬಾಯಿ ತುಂಬಿದೆ, ಅದಕ್ಕೆ.”

ತಾಯಿ ಖುಷಿಯಿಂದ ನಕ್ಕಳು. ಫೋನಿಟ್ಟು ವರ್ವಾರಾ ಬಾಗಿಲು ಹಾಕಲು ಎದ್ದಳು. ಪಣ ಸೋತಾಗಿತ್ತು. ಸೋತಿದ್ದಕ್ಕೆ ದುಃಖದ ಜೊತೆ ಎಲ್ಲೋ ಸ್ವಲ್ಪ ಹಗುರವೂ ಆಯಿತು, ಅದು ಅವಳಿಗೇ ವಿಚಿತ್ರವೆನಿಸಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ದೊಮ್ನಾಜ್ಜಿ ಒಂದು ಕೈಯಲ್ಲಿ ಮೆಟ್ಟಿಲ ಕಂಬಿ, ಇನ್ನೊಂದರಲ್ಲಿ ಹಬೆಯಾಡುವ ಬಟ್ಟಲು ಹಿಡಿದು ಬಂದು ಹೊಸ್ತಿಲಲ್ಲಿ ನಿಂತಳು. ಕುರ್ಚಿಗಳನ್ನು ನೋಡಿದಳು, ತಟ್ಟೆಗಳನ್ನು ನೋಡಿದಳು.

“ಯಾರ್ ಸತ್ರು?”

“ಯಾರೂ ಇಲ್ಲಜ್ಜಿ.”

“ಮತ್ತೆ ಇಷ್ಟ್ ಊಟ, ಇಷ್ಟ್ ಕುರ್ಚಿ, ಒಂದು ನರಪಿಳ್ಳೆ ಇಲ್ಲ?”

“ಇವತ್ತು ನನ್ನ ಹೆಸರಿನ ದಿನ. ಯಾರಾದ್ರೂ ಬರ್ತಾರೇನೋ ಅಂತ...”

ಅಜ್ಜಿ ಬಟ್ಟಲನ್ನು ಮೇಜಿನ ಮೇಲಿಟ್ಟು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. “ನೀನು ವರ್ವಾರಾನಾ? ನನ್ನ ತಲೆ ಮೇಲೇ ಓಡಾಡ್ತೀಯ, ನಾನು ನೋಡಿದ್ರೆ ‘ಮೇಲಿನ ಹುಡುಗಿ’ ಅಂದ್ಕೊಂಡೇ ಕಾಲ ಹಾಕಿದೀನಿ. ಅಯ್ಯೋ ಮಳ್ಳಿ! ಈ ಊರಲ್ಲಿ ಇವತ್ತು ಕೂತವರ ಮನೆಗೆ ಯಾರು ಬರ್ತಾರೆ? ಗೋಧಿ ಬೇಯಿಸಿ ಬಟ್ಟಲು ಹಿಡ್ಕೊಂಡು ನಾವೇ ಹೋಗ್ಬೇಕು. ನೀನು ಬಾಗಿಲು ತೆಗ್ದು ಕೂತಿದ್ದಕ್ಕೆ ಲಾಭ ಏನು ಗೊತ್ತಾ? ಬೀದಿ ಬೆಚ್ಚಗಾಯ್ತು ಅಷ್ಟೇ.”

ಆ ಗೋಧಿ ಪಾಯಸ ಅಲ್ಲಿಯವರಿಗೆ ಆ ದಿನದ ಪ್ರಸಾದ: ಗೋಧಿ, ಒಣದ್ರಾಕ್ಷಿ, ಅಂಜೂರ, ಅಕ್ರೋಡು, ಮೇಲೆ ದಾಲ್ಚಿನ್ನಿ. ಅಜ್ಜಿಯ ಅಡುಗೆಮನೆಯಲ್ಲಿ ದೊಡ್ಡ ಹಂಡೆ ತುಂಬ ಇತ್ತು. “ನನ್ನ ಮಂಡಿ ಹೋಗಿದೆ. ಹೋದ ವರ್ಷ ಎದುರು ಮನೇಗೆ ಹೋಗಿ ಬರೋದ್ರಲ್ಲಿ ಹಬ್ಬಾನೇ ಮುಗಿದಿತ್ತು. ತಗೋ ಈ ತಟ್ಟೆ. ಹೆಸರೂ ನಿಂದೇ, ಕಾಲೂ ನಿಂದೇ. ನಡಿ.”

ವರ್ವಾರಾ ನಡೆದಳು. ಮೊದಲ ಬಾಗಿಲಲ್ಲಿ ಏನು ಹೇಳಬೇಕೆಂದೇ ತೋಚಲಿಲ್ಲ, ಹೇಳಬೇಕಾಗಿಯೂ ಬರಲಿಲ್ಲ. ಬಟ್ಟಲು ನೋಡಿದ ಕೂಡಲೇ ಜನ ಕೈ ಚಾಚುತ್ತಿದ್ದರು. ಪಕ್ಕದ ಮನೆಯ ಫಾತ್ಮೆ ಬಾಗಿಲಲ್ಲೇ ಮೂಸಿ ನೋಡಿದಳು. “ನಾವೂ ಮಾಡ್ತೀವಿ ಇದನ್ನ, ನಮ್ಮ ಹಬ್ಬ ಬಂದಾಗ. ನಿಮ್ಮದು ಗಟ್ಟಿ, ನಮ್ಮದು ನೀರು. ದೊಮ್ನಾಗೆ ಹೇಳು, ಈ ವರ್ಷಾನೂ ದಾಲ್ಚಿನ್ನಿ ಡಬ್ಬಿ ಕೈ ಜಾರಿದೆ ಅಂತ. ಅಂದಹಾಗೆ ನೀನ್ಯಾರು?”

“ವರ್ವಾರಾ. ಮೇಲಿನ ಮನೆ.”

“ಓ, ಬೆಕ್ಕಿಗೆ ಹಾವುಮೀನು ಹಾಕೋಳು ನೀನೇನಾ! ನಮ್ಮ ಮನೆಯವ್ರು ಗೋಡೆ ಕಡೆ ನೋಡಿ ನೋಡಿ ನಿಟ್ಟುಸಿರು ಬಿಡ್ತಿದ್ರು.”

ಬೀದಿಯ ಕೊನೆಯ ನೆಲಮಾಳಿಗೆಯ ಕೋಣೆಯಲ್ಲಿ ಬಾಗಿಲು ತೆಗೆದವಳು ಕನ್ನಡಕದ ಹುಡುಗಿ, ಬೆರಳಿನಲ್ಲಿ ಶಾಯಿ. ಬಟ್ಟಲಿಗಿಂತ ಮೊದಲು ಅವಳು ವರ್ವಾರಾಳ ಮುಖ ನೋಡಿದಳು. “ನೀನು ಕಾನೂನಿನೋಳಲ್ವಾ? ಎಡಗಡೆ, ಕಂಬದ ಹಿಂದೆ ಕೂರ್ತೀಯ. ನಾನು ಲೆಮೊನಿಯಾ. ಮಾತಾಡ್ಸೋಣ ಅಂದ್ಕೊಂಡೆ ಎಷ್ಟೋ ಸಲ. ನೀನು ಯಾವಾಗ್ಲೂ ಬಾಗಿಲ ಕಡೆನೇ ನೋಡ್ತಿದ್ದೆ, ಯಾರಿಗೋ ಕಾಯ್ತಿದೀಯೇನೋ ಅಂತ ಸುಮ್ನಾದೆ.”

ಬಟ್ಟಲನ್ನು ಖಾಲಿಯಾಗಿ ಹಿಂತಿರುಗಿಸುವ ಪದ್ಧತಿ ಆ ಊರಲ್ಲೂ ಇಲ್ಲ. ಸಂಜೆ ಹೊತ್ತಿಗೆ ಒಬ್ಬೊಬ್ಬರೇ ಬಟ್ಟಲಲ್ಲಿ ಅಷ್ಟು ಅಕ್ರೋಡು, ಇಷ್ಟು ಉಪ್ಪಿನಕಾಯಿ ಹಾಕಿಕೊಂಡು ಬಂದರು. ದೊಮ್ನಾಜ್ಜಿ ತನ್ನ ಬಾಗಿಲಲ್ಲಿ ಪೊಲೀಸಿನವಳ ಹಾಗೆ ಕುಳಿತು ಎಲ್ಲರನ್ನೂ ಮೇಲಕ್ಕೆ ಓಡಿಸಿದಳು: “ಇಲ್ಲೇನಿದೆ? ಹೆಸರಿನವಳು ಮೇಲಿದಾಳೆ, ಹೋಗಿ, ಹೋಗಿ!” ಫಾತ್ಮೆಯ ಗಂಡ ಹಾವುಮೀನು ಇದೆಯೇ ಎಂದು ಕೇಳಿ ಹೆಂಡತಿಯಿಂದ ತಿವಿಸಿಕೊಂಡ. ಲೆಮೊನಿಯಾ ಗಿಣ್ಣಿನ ಪಿತಾವನ್ನೂ ತಿಂದು, ಉಪವಾಸದ್ದನ್ನೂ ತಿಂದು, “ಎರಡೂ ಪಕ್ಷದ ವಾದ ಕೇಳ್ಬೇಕಲ್ವಾ,” ಎಂದಳು. ಕುರ್ಚಿ ಸಾಲದೆ ಹಾಸಿಗೆಯ ಮೇಲೂ ಕೂತರು. ವರ್ವಾರಾ ನಕ್ಕಳು, ಎಷ್ಟು ದಿನವಾದ ಮೇಲೆ ನಕ್ಕಳೋ, ಕೆನ್ನೆ ನೋವು ಬಂತು. ಎಲ್ಲರೂ ಹೋದ ಮೇಲೆ ತಟ್ಟೆ ತೊಳೆಯುತ್ತ, ಸರಿ, ಬಂದರಲ್ಲ, ಇನ್ನು ಇರುವುದೇ ಎಂದುಕೊಂಡಳು.

ಮರುದಿನ ಬೆಳಿಗ್ಗೆ ಲೆಮೊನಿಯಾ ಬಾಗಿಲಲ್ಲಿ ಕಾದಿದ್ದಳು. ಇಬ್ಬರೂ ಜೊತೆಗೆ ನಡೆದರು, ಜೊತೆಗೆ ಕೂತರು, ಲೆಮೊನಿಯಾ ತನ್ನ ಪಕ್ಕದ ಕುರ್ಚಿಗೆ ಕೋಟು ಹಾಕಿ ಹಿಡಿದಿದ್ದು ಈ ಸಲ ವರ್ವಾರಾಳಿಗಾಗಿ. ಅಂದು ರೋಮನ್ ಕಾನೂನು. ಪ್ರೊಫೆಸರು ಜೇನಿನ ಮಾತು ಎತ್ತಿದರು. ನಿನ್ನ ಗೂಡಿನಿಂದ ಜೇನುಹಿಂಡು ಹಾರಿಹೋದರೆ, ಕಣ್ಣಿಗೆ ಕಾಣುವಷ್ಟು ದೂರ, ಬೆನ್ನಟ್ಟಿ ಹಿಡಿಯುವಂತಿರುವಷ್ಟು ಹೊತ್ತು ಅದು ನಿನ್ನದೇ. ಕಣ್ಮರೆಯಾಯಿತೋ, ಮೊದಲು ಹಿಡಿದವನದು.

ಲೆಮೊನಿಯಾಳ ಪೆನ್ನು ನಿಲ್ಲಲಿಲ್ಲ. ಅವಳ ಕಿವಿಯೆಲ್ಲ ಕೆಂಪಾಗಿತ್ತು. “ಏ, ಮುದುಕನಾಗಿದ್ರೆ? ಕಣ್ಣು ಮಂಜಾಗಿದ್ರೆ? ಅವನ ಜೇನು ಬೇಗ ಕೈತಪ್ಪಿ ಹೋಗತ್ತಾ? ಇದು ಅನ್ಯಾಯ ಅಲ್ವಾ? ಕೇಳ್ಲಾ?” ಎಂದು ಪಿಸುಗುಟ್ಟಿ, ಉತ್ತರಕ್ಕೂ ಕಾಯದೆ ಕೈ ಎತ್ತಿ ಕೇಳಿಯೇಬಿಟ್ಟಳು. ಪ್ರೊಫೆಸರ ಮುಖ ಅರಳಿತು. ಸಭಾಂಗಣದಲ್ಲಿ ವಾದ ಹತ್ತಿಕೊಂಡಿತು. ಯಾರ ಜೇನು, ಯಾವಾಗಿನಿಂದ ಅವನದಲ್ಲ, ಯಾರು ಸಾಕ್ಷಿ.

ವರ್ವಾರಾಳಿಗೆ ಅನ್ನಿಸುತ್ತಿದ್ದದ್ದೇ ಬೇರೆ. ಜೇನು ಯಾಕೆ ಹೋಯಿತು? ಗೂಡಿನಲ್ಲಿ ಏನಾಗಿತ್ತು? ರಾಣಿ ಮುದಿಯಾಗಿತ್ತೇ, ಹೂವು ಮುಗಿದಿತ್ತೇ? ಹೋಗಿ ಎಲ್ಲಿ ಕೂತಿತು? ಅಷ್ಟು ಜನರಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ. ಕೇಳಬೇಕಾದ ಜಾಗವೂ ಅದಲ್ಲ. ಪಕ್ಕದ ಕುರ್ಚಿಯಲ್ಲಿ ಹಸಿದವಳ ಎಲೆಗೆ ಬಡಿಸಿದ ಹಾಗೆ ಲೆಮೊನಿಯಾ ಆ ಪಾಠವನ್ನು ಉಣ್ಣುತ್ತಿದ್ದಳು. ಅವಳನ್ನು ನೋಡುತ್ತ ವರ್ವಾರಾಳಿಗೆ ಮೊದಲ ಬಾರಿಗೆ ಸ್ಪಷ್ಟವಾಯಿತು: ತನಗೆ ಈ ಹಸಿವಿಲ್ಲ. ಇಷ್ಟು ದಿನ ಒಂಟಿತನವೇ ಕಾರಣವೆಂದುಕೊಂಡಿದ್ದಳು. ಇಂದು ಪಕ್ಕದಲ್ಲಿ ಜನ ಇದೆ, ನಿನ್ನೆಯ ನಗು ಇನ್ನೂ ಕೆನ್ನೆಯಲ್ಲಿದೆ. ಆದರೂ ಕಣ್ಣು ಬಾಗಿಲ ಕಡೆಗೇ ಹೋಗುತ್ತಿದೆ.

“ಹೇಗಿತ್ತು!” ಹೊರಗೆ ಬಂದು ಲೆಮೊನಿಯಾ ಅವಳ ತೋಳು ಹಿಡಿದಳು. “ನನಗಂತೂ ಇದೇ ಹುಚ್ಚು. ನಿನಗೆ?”

“ನಿನ್ನ ನೋಡ್ತಾ ಇದ್ದೆ ನಾನು,” ಎಂದಳು ವರ್ವಾರಾ. “ನಿನಗೆ ಅಷ್ಟು ಇಷ್ಟ ಆಗೋದು ನೋಡಿ ಗೊತ್ತಾಯ್ತು, ನನಗೆ ಇದು ಬೇಡ ಅಂತ.”

ಲೆಮೊನಿಯಾ ತೋಳು ಬಿಡಲಿಲ್ಲ, ಆದರೆ ಮುಖ ಚಿಕ್ಕದಾಯಿತು. “ನಿನ್ನೆ ತಾನೇ ಸಿಕ್ಕಿದೀಯ,” ಎಂದಳು ಅಷ್ಟೇ.

ಸಂಜೆ ತಾಯಿಯ ಫೋನು ಬರುವ ಮೊದಲು ತಾನೇ ಮಾಡಿದಳು. ನಿಂತುಕೊಂಡೇ ಮಾತಾಡಿದಳು, ಕೂತರೆ ಧೈರ್ಯವೂ ಕೂತುಬಿಟ್ಟೀತು ಎಂದು.

“ಅಮ್ಮ, ಕ್ಲಿಯೋ ಅಂತ ಯಾರೂ ಇಲ್ಲ.”

“ಅಂದ್ರೆ? ಊರಿಗೆ ಹೋದ್ಲಾ?”

“ಇಲ್ಲ. ಇರಲೇ ಇಲ್ಲ. ಓರ್ಫೆಯಾಸೂ ಇಲ್ಲ. ನಾನೇ ಹುಟ್ಟಿಸಿದ್ದು.”

ತಾಯಿ ಸಣ್ಣ ದನಿಯಲ್ಲಿ ಕೇಳಿದಳು: “ಹೊಟ್ಟೆನೋವು?”

“ಅದು ನಂದು.”

ಅರೆತಿ ಅತ್ತಳು. ಯಾರಿಗಾಗಿ ಅಳುತ್ತಿದ್ದಾಳೆಂದು ಅವಳಿಗೂ ತಿಳಿದಿರಲಿಲ್ಲವೇನೋ. ಮಗಳಿಗಾಗಿ ಒಂದಿಷ್ಟು, ಇಲ್ಲದ ಆ ಕವಾಲಾದ ಹುಡುಗಿಗಾಗಿಯೂ ಒಂದಿಷ್ಟು. ವರ್ವಾರಾ ನಿನ್ನೆಯದನ್ನೆಲ್ಲ ಹೇಳಿದಳು, ಅಜ್ಜಿ, ಫಾತ್ಮೆ, ಲೆಮೊನಿಯಾ. ತಾಯಿಯ ಉಸಿರು ಹಿಂತಿರುಗಿತು.

“ಸರಿ ಬಿಡು. ಈಗ ನಿಜವಾದವರು ಸಿಕ್ಕಿದ್ರಲ್ಲ. ಇನ್ನೇನು ಕಷ್ಟ?”

“ನಾನು ಕಾನೂನು ಬಿಡ್ತೀನಮ್ಮ. ಜೂನಲ್ಲಿ ಪರೀಕ್ಷೆ ಮತ್ತೆ ಬರೀತೀನಿ, ಮೀನಿನ ಓದಿಗೆ.”

“ಹುಚ್ಚು ಹಿಡಿದಿದೆಯಾ? ಯಾರೂ ಇಲ್ಲದಾಗ ಇದ್ದೆ, ಎಲ್ಲರೂ ಸಿಕ್ಕಾಗ ಬಿಡ್ತೀಯ?”

“ಹೌದು. ಯಾರೂ ಇಲ್ಲ ಅಂತ ಬಿಟ್ಟಿದ್ರೆ ಓಡಿ ಬಂದ ಹಾಗಾಗ್ತಿತ್ತು. ಈಗ ನೆಪ ಇಲ್ಲ. ನನಗೆ ಬೇಡ ಅಷ್ಟೇ.”

“ಅಷ್ಟು ಅಂಕ! ನಿಮ್ಮಪ್ಪ ಕಾಫಿ ಅಂಗಡಿಗೆ ಯಾವ ಮುಖ ಇಟ್ಕೊಂಡು ಹೋಗೋದು? ತಗೋ, ನೀನೇ ಹೇಳು ಅವರಿಗೆ.”

ಫೋನು ಕೈ ಬದಲಾಯಿಸಿತು. ಸ್ತಾಥಿಸ್ ಎಲ್ಲ ಕೇಳಿಸಿಕೊಂಡು ಗಂಟಲು ಸರಿಮಾಡಿಕೊಂಡ. “ಹಾವುಮೀನು ಕಡಿಮೆ ಆಗ್ತಿದೆ,” ಎಂದ. “ಓದಿ ಮುಗಿಸೋ ಹೊತ್ತಿಗೆ ಇರತ್ತೋ ಇಲ್ವೋ.”

“ಅದಕ್ಕೇ ಅಪ್ಪ.”

“ಹೂಂ,” ಎಂದ ಅವನು. ಒಪ್ಪಿದನೋ ಬಿಟ್ಟನೋ ತಿಳಿಯಲಿಲ್ಲ. ಫೋನು ಇಟ್ಟುಬಿಟ್ಟ. ವರ್ವಾರಾ ಮತ್ತೆ ಮಾಡಿದಳು, ಯಾರೂ ಎತ್ತಲಿಲ್ಲ. ಆ ವಾರ ಐತೊಲಿಕೊದಿಂದ ಪೆಟ್ಟಿಗೆ ಬರಲಿಲ್ಲ.

ಶನಿವಾರ ಅವಳು ದೊಮ್ನಾಜ್ಜಿಗೆ ಹೇಳಲು ಕೆಳಗಿಳಿದಳು. ಅಜ್ಜಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಹೇಳಿ ಮುಗಿಸುವವರೆಗೂ ತಲೆ ಎತ್ತಲಿಲ್ಲ.

“ಹೋಗೋಳು ಹೆಸರು ಯಾಕೆ ಹೇಳ್ದೆ? ‘ಮೇಲಿನ ಹುಡುಗಿ’ ಆಗೇ ಹೋಗಿದ್ರೆ ಇನ್ನೊಬ್ಬಳು ‘ಮೇಲಿನ ಹುಡುಗಿ’ ಬರ್ತಿದ್ಲು. ನನಗೆ ಗೊತ್ತೇ ಆಗ್ತಿರ್ಲಿಲ್ಲ.”

“ಬೇಜಾರಾ ಅಜ್ಜಿ?”

“ಬೇಜಾರಂತೆ! ಚಳಿಗಾಲದ ಮಧ್ಯೆ ಬಾಡಿಗೆಗೆ ಯಾರು ಸಿಗ್ತಾರೆ ನಂಗೆ?” ಎಂದು ಗದರಿ, ಇನ್ನೊಂದು ಚಾಕು ತೆಗೆದು ಮುಂದಿಟ್ಟಳು. “ಕೂತ್ಕೋ. ಕೈ ಖಾಲಿ ಇದ್ರೆ ಕಾಯಿ ಕತ್ತರಿಸು.”

ಕಾಯಿ ಮುಗಿದ ಮೇಲೆ ವರ್ವಾರಾ ಕ್ರಿಸ್‌ಮಸ್‌ನ ಬಸ್ಸಿಗೆ ಸೀಟು ಹಿಡಿಯಲು ನಿಲ್ದಾಣದ ಕಡೆ ಹೊರಟಳು. ಗಾಳಿ ನಿಂತಿತ್ತು, ಹಿಮ ಬೀಳುವ ಮೊದಲಿನ ಬಿಗಿತ. ಬೀದಿಯಲ್ಲಿ ಯಾರೂ ಇರಲಿಲ್ಲ. ಅರ್ಧ ದಾರಿಗೆ ಹೋಗಿರಬೇಕು, ಮೇಲೆ ಎಲ್ಲೋ ಒಂದು ಕಿಟಕಿ ತೆರೆದ ಸದ್ದಾಯಿತು. ಕಂಬಳಿ ಕೊಡವುತ್ತ ಫಾತ್ಮೆ ಬಾಗಿದ್ದಳು.

“ವರ್ವಾರಾ! ಎಲ್ಲಿಗೆ ಈ ಚಳೀಲಿ?”

ಆ ಊರಿನ ಬೀದಿಯಲ್ಲಿ ಅವಳ ಹೆಸರನ್ನು ಯಾರಾದರೂ ಕೂಗಿದ್ದು ಅದೇ ಮೊದಲು. ಗೋಡೆಯಿಂದ ಗೋಡೆಗೆ ತಾಗಿ ಅದು ಕೊನೆಯವರೆಗೂ ಹೋಯಿತು. ಅವಳು ನಿಂತು ಕೈ ಎತ್ತಿದಳು. ಕಿಟಕಿ ಮುಚ್ಚುವವರೆಗೂ ಎತ್ತಿದ ಕೈ ಹಾಗೆಯೇ ಇತ್ತು. ಆಮೇಲೆ ಅದನ್ನು ಜೇಬಿಗಿಳಿಸಿ, ನಿಲ್ದಾಣದ ಕಡೆ ನಡೆದಳು.